ಉಸಿರು ಎಳೆದುಕೊಂಡಾಗ ಮೂರು ಬೆರಳು

...ಆದರೆ ಅಂದು ಕಾಫಿ ಹೂ ಬಿಟ್ಟಿತ್ತೇ? ಇಷ್ಟು ವರ್ಷ ಬಿಟ್ಟಿತ್ತೆಂದೇ ನಂಬಿಕೊಂಡು ಬಂದಿದ್ದೇನೆ. ನೆನಪು ಮಾಡಿಕೊಂಡಾಗಲೆಲ್ಲ ಶೆಡ್ಡಿನ ಬಾಗಿಲಾಚೆ ಗುಡ್ಡವಿಡೀ ಬೆಳ್ಳಗೆ ಕಾಣುತ್ತದೆ. ಮಲ್ಲಿಗೆಗಿಂತ ಸ್ವಲ್ಪ ಮಂಕಾದ ಆ ವಾಸನೆ ಮೂಗಿಗೆ ಬರುತ್ತದೆ. ಆ ಬಿಳುಪಿನ ಈಚೆ ಒಂದು ಮಗು ಅಂಗಾತ ಮಲಗಿ ಮೊಣಕಾಲು ಮಡಚಿಕೊಂಡಿರುತ್ತದೆ. ಈಚೆಗೆ ಕೂತು ಹಿಂದುಮುಂದು ನೋಡಿದರೆ ಇದು ಹೊಂದುವುದಿಲ್ಲ. ಘಟ್ಟದ ಕೆಳಗಿನ ಆಳುಗಳ ಗಾಡಿಗಳು ಹೊರಡುತ್ತಿದ್ದುದು ಕೊಯ್ಲು ಮುಗಿದ ಕೂಡಲೇ. ಹೂ ಬಿಡಬೇಕಾದರೆ ಅದಾದ ಮೇಲೆ ಒಂದು ಮಳೆ ಬೀಳಬೇಕು, ಮಳೆ ಬಿದ್ದು ಎಂಟೊಂಬತ್ತು ದಿನ ಕಳೆಯಬೇಕು. ಒಂದೋ ಆ ವರ್ಷ ಮಳೆ ಬೇಗ ಬಂದಿರಬೇಕು, ಇಲ್ಲವೇ ನಾನು ಬೇರೆ ಯಾವುದೋ ದಿನದ ಬಿಳುಪನ್ನು ತಂದು ಈ ದಿನಕ್ಕೆ ಹೊಲಿದಿರಬೇಕು. ಕಣದಲ್ಲಿ ಒಣಗಲು ಹಾಕಿದ್ದ ತೊಟ್ಟಿಲ ಬಟ್ಟೆಗಳೇ ಇದ್ದರೂ ಇರಬಹುದು. ಆ ವಾರ ನನಗೂ ಜ್ವರವಿತ್ತು, ಕ್ವಿನೈನ್ ತೆಗೆದುಕೊಂಡಿದ್ದೆ, ಕಿವಿ ಗುಂಯ್ ಅನ್ನುತ್ತಿತ್ತು. ಹೀಗಾಗಿ ಓದುವವರು ನನ್ನನ್ನು ಪೂರ್ತಿ ನಂಬಬೇಕಾಗಿಲ್ಲ. ನಾನೂ ನಂಬುವುದಿಲ್ಲ.

ನಾನು ಆಗ ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯ ಒಂದು ದೊಡ್ಡ ಕಾಫಿ ತೋಟದಲ್ಲಿ ನರ್ಸ್ ಆಗಿದ್ದೆ. ಸೇರಿದ್ದು 1936ರ ಕೊನೆಯಲ್ಲಿ. ಹೇಳಹೊರಟಿರುವುದು ಅದರ ಮರುವರ್ಷದ ಕೊಯ್ಲಿನ ಸಂಗತಿ, ಅಥವಾ ಅದಕ್ಕೂ ಮುಂದಿನ ವರ್ಷದ್ದು. ಡಿಸ್ಪೆನ್ಸರಿ ಅಂದರೆ ಎರಡು ಕೋಣೆ, ಒಂದು ಗಾಜಿನ ಬೀರು, ಒಂದು ಬೆಂಚು. ಡಾಕ್ಟರು ಮೂಡಿಗೆರೆಯಿಂದ ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದ ದಿನಗಳಲ್ಲಿ ಇನ್ನೂರು ಚಿಲ್ಲರೆ ಆಳುಗಳ ಹೆರಿಗೆ, ಜ್ವರ, ಹುಣ್ಣು, ಜಿಗಣೆ ಕಚ್ಚಿದ ಗಾಯ ಎಲ್ಲವೂ ನನ್ನ ಪಾಲಿಗೆ. ಎಲ್ಲರೂ ‘ನರ್ಸಮ್ಮ’ ಅನ್ನುತ್ತಿದ್ದರು. ಹೆಸರು ಕೇಳಿದವರು ಯಾರೂ ಇಲ್ಲ.

ನನ್ನ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಹನ್ನೆರಡಕ್ಕೆ ಮದುವೆ, ಹದಿನಾಲ್ಕಕ್ಕೆ ವಿಧವೆ. ಅತ್ತೆಯ ಮನೆಯ ಹಿಂದಿನ ಕೋಣೆಯಲ್ಲಿ ಆರು ವರ್ಷ ಕಳೆದೆ. ಅಲ್ಲಿ ನನ್ನ ಕೈಯಿಂದ ಯಾರೂ ಏನನ್ನೂ ಮುಟ್ಟಿಸಿಕೊಳ್ಳುತ್ತಿರಲಿಲ್ಲ; ಕೂಸು ಅತ್ತರೂ ಎತ್ತಿಕೊಳ್ಳಕೂಡದು. ಆಮೇಲೆ ಒಬ್ಬ ಸೋದರಮಾವ ಜಗಳವಾಡಿ ನನ್ನನ್ನು ಮೈಸೂರಿಗೆ ಕರೆದೊಯ್ದು ನರ್ಸಿಂಗಿಗೆ ಸೇರಿಸಿದರು. ಕನಿಕರಕ್ಕಾಗಿ ಇದನ್ನು ಬರೆಯುತ್ತಿಲ್ಲ. ಮುಂದೆ ನನ್ನ ಬೆರಳುಗಳು ಮಾಡಿದ ಕೆಲಸದಲ್ಲಿ ಆ ಕೋಣೆಯ ಪಾಲೆಷ್ಟು ಎಂಬುದು ನನಗೇ ತಿಳಿಯದ್ದರಿಂದ ಬರೆಯುತ್ತಿದ್ದೇನೆ.

ಆ ಸೀಮೆಯಲ್ಲಿ ಆಗ ಜ್ವರ ಅಂದರೆ ಮಲೇರಿಯಾ. ಅದು ಮತ್ತೆ ಮತ್ತೆ ಬಂದ ಮಗುವಿನ ಎಡಪಕ್ಕೆಯ ಕೆಳಗೆ ಗುಲ್ಮ, ಅಂದರೆ ಸ್ಪ್ಲೀನ್, ಊದಿಕೊಂಡು ಕೈಗೆ ಸಿಗುತ್ತದೆ. ಆಳುಗಳು ಅದಕ್ಕೆ ಜ್ವರಗಡ್ಡೆ ಅನ್ನುತ್ತಿದ್ದರು. ಆರೋಗ್ಯವಾಗಿರುವ ಮಗುವಿನಲ್ಲಿ ಅದು ಪಕ್ಕೆಲುಬಿನ ಒಳಗೇ ಅಡಗಿರುತ್ತದೆ. ಮಗುವನ್ನು ಅಂಗಾತ ಮಲಗಿಸಿ, ಮೊಣಕಾಲು ಮಡಚಿಸಿ, ಪಕ್ಕೆಲುಬಿನ ಅಂಚಿನಿಂದ ಗಡ್ಡೆಯ ತುದಿಯವರೆಗೆ ಎಷ್ಟು ಬೆರಳಗಲವಿದೆ ಎಂದು ಅಳೆದು ಕಾರ್ಡಿನಲ್ಲಿ ಬರೆಯುವುದು ನನ್ನ ಕೆಲಸ. ಒಂದು ಬೆರಳು, ಎರಡು ಬೆರಳು. ಹೊಕ್ಕುಳ ಮುಟ್ಟಿದ್ದನ್ನೂ ಕಂಡಿದ್ದೇನೆ. ಉಸಿರು ಒಳಗೆ ಎಳೆದುಕೊಂಡಾಗ ಗುಲ್ಮ ಕೆಳಗೆ ಜಾರುತ್ತದೆ, ಬಿಟ್ಟಾಗ ಮೇಲಕ್ಕೆ ಹೋಗುತ್ತದೆ. ಯಾವಾಗ ಅಳೆದೆವು ಎಂಬುದರ ಮೇಲೆ ಅಂಕಿ ಬದಲಾಗುತ್ತದೆ. ನಾನು ಮಗು ಉಸಿರು ಬಿಟ್ಟ ಮೇಲೆಯೇ ಅಳೆಯುತ್ತಿದ್ದೆ. ಹಾಗೇ ಮಾಡಬೇಕೆಂದು ಯಾರೂ ಹೇಳಿರಲಿಲ್ಲ, ಕೈಗೆ ಅಂಟಿಕೊಂಡ ಅಭ್ಯಾಸ.

ಮೊದಲೆಲ್ಲ ಹೆಂಗಸರು ಕೂಸುಗಳನ್ನು ಕಾಫಿ ಗಿಡದ ಬುಡದಲ್ಲಿ ಗೋಣಿಯ ಮೇಲೆ ಮಲಗಿಸಿ ಹಣ್ಣು ಕೊಯ್ಯುತ್ತಿದ್ದರು. ಇರುವೆ, ಸೊಳ್ಳೆ, ಜಿಗಣೆ. ನಾನು ಎರಡು ಸಲ ಕೇಳಿದ ಮೇಲೆ ತೋಟದ ಧಣಿಗಳು ಹಳೆಯದೊಂದು ಗೋದಾಮಿನ ಶೆಡ್ಡನ್ನು ಬಿಟ್ಟುಕೊಟ್ಟರು. ಮೊದಲು ಅಲ್ಲಿ ಪಾರ್ಚ್‌ಮೆಂಟ್, ಅಂದರೆ ಹಣ್ಣು ಸುಲಿದು ಒಣಗಿಸಿದ ಕಾಫಿ ಬೀಜ, ತುಂಬಿಡುತ್ತಿದ್ದರು. ಮೂಟೆಗಳು ಹೋದ ಮೇಲೂ ಗೋಡೆಗಳಲ್ಲಿ ಆ ಹೊಟ್ಟಿನ ವಾಸನೆ ಉಳಿದಿತ್ತು. ಮಕ್ಕಳನ್ನು ನೋಡಿಕೊಳ್ಳಲು ಇಬ್ಬರು ಹೆಂಗಸರನ್ನು ಕೊಡಿ ಎಂದಾಗ ಮೇಸ್ತ್ರಿಗಳು ಕೊಯ್ಲಿಗೆ ಪ್ರಯೋಜನವಿಲ್ಲದವರನ್ನು ಆರಿಸಿ ಕಳಿಸಿದರು.

ಒಬ್ಬಳು ದೇವೀರಿ, ಆಲ್ದೂರು ಕಡೆಯವಳು. ಗಾಡಿ ಹೊಡೆಯುತ್ತಿದ್ದ ಗಂಡ ಮತ್ತು ಎರಡು ಮಕ್ಕಳು ಒಂದೇ ಮಳೆಗಾಲದಲ್ಲಿ ಜ್ವರಕ್ಕೆ ಹೋಗಿದ್ದರು. ಭಾವಂದಿರು ಮನೆ ಬಿಡಿಸಿದ್ದರು. ಕೊಯ್ಲಿಗೆ ಕಳಿಸಿದರೆ ಒಂದು ಗಿಡದ ಮುಂದೆ ನಿಂತವಳು ಸಂಜೆಯವರೆಗೂ ಅಲ್ಲೇ ನಿಂತಿರುತ್ತಿದ್ದಳಂತೆ, ಬುಟ್ಟಿಯ ತಳವೂ ಮುಚ್ಚಿರುತ್ತಿರಲಿಲ್ಲ. ಇನ್ನೊಬ್ಬಳು ಅಪ್ಪಿ, ಘಟ್ಟದ ಕೆಳಗಿನವಳು. ಹಣ್ಣು ಸುಲಿಯುವ ಪಲ್ಪರ್ ಯಂತ್ರಕ್ಕೆ ಸಿಕ್ಕಿ ಅವಳ ಬಲಗೈಯ ಮೂರು ಬೆರಳು ಹೋಗಿದ್ದವು. ಆ ಗಾಯ ಮಾಯುವಷ್ಟರಲ್ಲಿ ಗಂಡ ಬೇರೊಬ್ಬಳನ್ನು ಲೈನಿಗೆ ಕರೆತಂದಿದ್ದ. ಲೈನು ಅಂದರೆ ಆಳುಗಳ ಸಾಲುಮನೆ. ಅಪ್ಪಿ ಎರಡು ಬಾಗಿಲಾಚೆ ಮಲಗಿಕೊಂಡು ಅವರ ಮಾತು ಕೇಳಿಸಿಕೊಳ್ಳಬೇಕಾಗಿತ್ತು.

ಅಪ್ಪಿ ಬಂದ ವಾರದೊಳಗೆ ಗೋಣಿಚೀಲಗಳನ್ನು ಸೀಳಿ ತೊಲೆಗಳಿಗೆ ತೊಟ್ಟಿಲು ಕಟ್ಟಿದಳು. ಎಲ್ಲ ತೊಟ್ಟಿಲುಗಳಿಗೂ ಒಂದೇ ಹಗ್ಗ ಹಾಯಿಸಿ ಅದರ ತುದಿಯನ್ನು ತನ್ನ ಕಾಲ್ಬೆರಳಿಗೆ ಸುತ್ತಿಕೊಂಡಳು. ಗೋಡೆಗೊರಗಿ ಎಲೆಅಡಿಕೆ ಜಗಿಯುತ್ತ ಪಾದ ಅಲ್ಲಾಡಿಸಿದರೆ ಇಡೀ ಶೆಡ್ಡೇ ಮೆಲ್ಲಗೆ ತೂಗುತ್ತಿತ್ತು. ಮಾಡಿನ ಗಾಜಿನ ಹೆಂಚಿನಿಂದ ಬಿದ್ದ ಬಿಸಿಲಿನಲ್ಲಿ ಹೊಟ್ಟಿನ ಧೂಳು ತೇಲುತ್ತಿತ್ತು, ತೊಟ್ಟಿಲುಗಳು ಆ ಬಿಸಿಲಿನೊಳಕ್ಕೆ ಹೋಗುತ್ತ ಬರುತ್ತ ಇರುತ್ತಿದ್ದವು. ಮಧ್ಯಾಹ್ನ ಎರಡರ ಸುಮಾರಿಗೆ ದೊಡ್ಡ ಮಕ್ಕಳಲ್ಲಿ ಮೂರೋ ನಾಲ್ಕೋ ಒಟ್ಟಿಗೆ ನಡುಗಲು ತೊಡಗುತ್ತಿದ್ದವು. ಮಲೇರಿಯಾ ಹೊತ್ತು ತಪ್ಪುವುದಿಲ್ಲ. ಅವನ್ನು ಗೋಣಿಗಳಲ್ಲಿ ಸುತ್ತಿ ಸಾಲಾಗಿ ಮಲಗಿಸುತ್ತಿದ್ದರು. ಜ್ವರದಲ್ಲಿ ಅವು ಏನೇನೋ ಹೇಳುತ್ತಿದ್ದವು. ಒಂದು ಮಗು ನೀರಿನೊಳಗೆ ಮನೆ ಇದೆ ಅನ್ನುತ್ತಿತ್ತು. ದೇವೀರಿ ಅದಕ್ಕೆ, “ಬಾಗ್ಲು ಯಾವ ಕಡೆಗುಂಟು?” ಎಂದು ಕೇಳುತ್ತಿದ್ದಳು. ನಿಜವಾಗಿ ವಿಳಾಸ ಕೇಳುವವರ ಹಾಗೆ.

ಕ್ವಿನೈನ್ ಕುಡಿಸುವುದು ದೇವೀರಿಯ ಪಾಲಿಗೆ ಬಂದಿತ್ತು. ಅದರ ಕಹಿ ಬಾಯಿಂದ ಹೋಗಲು ಅರ್ಧ ದಿನ ಬೇಕು. ನಾನು ಕುಡಿಸಿದರೆ ಮಕ್ಕಳು ಉಗಿಯುತ್ತಿದ್ದವು, ಅವಳ ಕೈಯಲ್ಲಿ ಮಾತ್ರ ಒಂದೂ ಉಗಿಯುತ್ತಿರಲಿಲ್ಲ. ನನಗೆ ಸಮಾಧಾನವೇ. ಆದರೆ ಎರಡು ವಾರಕ್ಕೆ ಬರಬೇಕಾದ ಬಾಟಲಿ ಒಂದೇ ವಾರಕ್ಕೆ ಖಾಲಿಯಾಗತೊಡಗಿತು. ಕಳಸದ ಸಂತೆಯಲ್ಲಿ ಕ್ವಿನೈನಿಗೆ ಗಿರಾಕಿಗಳಿದ್ದರು. ನಾನು ಏನು ಯೋಚಿಸಿದೆ ಎಂದು ಬೇರೆ ಹೇಳಬೇಕಿಲ್ಲ.

“ಬಾಟ್ಲಿ ಇಷ್ಟು ಬೇಗ ಹೇಗೆ ಮುಗೀತದೆ ದೇವೀರಿ?” ಎಂದೆ. ಅವಳು ನನ್ನತ್ತ ತಿರುಗಲೇ ಇಲ್ಲ. ನನಗೆ ಸಿಟ್ಟು ಬಂತು.

“ಜೋರಾಗಿ ಹೇಳಿ ನರ್ಸಮ್ಮ” ಎಂದಳು ಅಪ್ಪಿ ಮೂಲೆಯಿಂದ. “ಅವ್ಳ ಕಿವಿಯಲ್ಲಿ ಜೀರುಂಡೆ ಹೊಕ್ಕಿ ನಾಲ್ಕು ದಿನ ಆಯ್ತು. ನಾನು ಬೈದ್ರೂ ಈಗ ನಗ್ತಾಳೆ. ಬೈಗುಳೆಲ್ಲ ದಂಡ.”

ಕಿವಿಯಲ್ಲಿ ಜೀರುಂಡೆ ಕೂಗುವುದು ಕ್ವಿನೈನ್ ಹೆಚ್ಚಾದವರ ಲಕ್ಷಣ. ಆಗ ಹೊಳೆಯಿತು. ಹತ್ತಿರ ಹೋಗಿ, ನೀನು ಕುಡೀತಿದ್ದೀಯಾ ಎಂದು ಕೈಸನ್ನೆ ಮಾಡಿ ಕೇಳಿದೆ.

“ಮಕ್ಳು ಕುಡೀಬೇಕಲ್ಲಮ್ಮ” ಎಂದಳು. “ನಾನು ಮೊದ್ಲು ಒಂದು ಚಮಚ ಕುಡಿದು ನಗ್ತೀನಿ. ಆಮೇಲೆ ಅವು ಕುಡೀತಾವೆ.”

“ಒಂದು ಸಲ ಕುಡಿದು ತೋರಿಸಿದ್ರೆ ಸಾಕಲ್ಲ!”

“ಸಾಲೂದಿಲ್ಲ. ಪಕ್ಕದ ಮಗೀಗೆ ಕುಡಿದದ್ದು ತನಗೆ ಕುಡಿದ ಹಾಗಲ್ಲ ಅಂತಾವೆ. ಒಬ್ಬೊಬ್ರಿಗೂ ಬೇರೆ ಬೇರೆ ಕುಡೀಬೇಕು.”

ಆಗ ಕ್ವಿನೈನ್ ಕುಡಿಯುತ್ತಿದ್ದ ಮಕ್ಕಳು ಹನ್ನೊಂದು. ದಿನಕ್ಕೆ ಹನ್ನೊಂದು ಚಮಚ. ನೀರು ಕುಡಿದು ನಟಿಸು ಎಂದೆ. ಮಕ್ಕಳಿಗೆ ಗೊತ್ತಾಗುತ್ತದೆ, ಕಹಿ ಕುಡಿದ ಮುಖದ ನಗುವೇ ಬೇರೆ ಎಂದಳು. ಕೊನೆಗೆ ಅವಳಿಗೆ ಮಾತ್ರ ನೆಲಬೇವಿನ ಕಷಾಯ ಎಂದು ಗೊತ್ತುಮಾಡಿದೆವು. ಬಲಗಿವಿ ಮೆಲ್ಲಗೆ ಸರಿಹೋಯಿತು. ಎಡಗಿವಿ ಮತ್ತೆ ಪೂರ್ತಿ ಕೇಳಲಿಲ್ಲ. ಕಳ್ಳಿ ಎಂದು ಅಂದುಕೊಂಡಿದ್ದನ್ನು ನಾನು ಅವಳಿಗೆ ಯಾವತ್ತೂ ಹೇಳಲಿಲ್ಲ.

ಜ್ವರಗಡ್ಡೆ ನೋಡುವುದನ್ನೂ ಅವಳು ಕಲಿತಳು. ಕಲಿಸಿದ್ದು ನಾನಲ್ಲ. ಸತ್ತ ಮಕ್ಕಳಿಬ್ಬರ ಹೊಟ್ಟೆಯ ಮೇಲೆ ತಿಂಗಳುಗಟ್ಟಲೆ ಕೈಯಿಟ್ಟು ಕೂತವಳು ಅವಳು. ಅದು ಎಲ್ಲಿರುತ್ತದೆ ಎಂದು ಅವಳ ಕೈಗೆ ಗೊತ್ತಿತ್ತು. ನಾನು ಕಾರ್ಡು ಬರೆಯುವ ಮೊದಲೇ ಅವಳು ಬೆರಳು ಎತ್ತಿ ತೋರಿಸುತ್ತಿದ್ದಳು, ಬಹುಪಾಲು ಸರಿಯಿರುತ್ತಿತ್ತು. ದೇವೀರಿ ಅಪ್ಪಿಗೂ ಕಲಿಸಲು ಹೋದಾಗ ಅಪ್ಪಿ ತನ್ನ ಬಲಗೈ ಎತ್ತಿ, “ನನ್ನ ಹತ್ರ ಎರಡೇ ಬೆರಳು ಇರೂದು ಮಾರಾಯ್ತಿ. ನಾನು ನೋಡಿದ್ರೆ ಯಾವ ಮಗೀಗೂ ಎರಡಕ್ಕಿಂತ ಜಾಸ್ತಿ ಗಡ್ಡೆ ಬರೂದೇ ಇಲ್ಲ. ನನ್ನನ್ನೇ ಡಾಕ್ಟ್ರು ಮಾಡಿ, ತೋಟದ ಜ್ವರ ನಾಳೆಗೇ ಖಲಾಸ್” ಎಂದಳು. ಮೂವರೂ ನಕ್ಕೆವು. ಆ ಶೆಡ್ಡಿನಲ್ಲಿ ನಾವು ಮೂವರೂ ಒಟ್ಟಿಗೆ ನಕ್ಕದ್ದು ಅದೇ ಮೊದಲಿರಬೇಕು.

ಆ ಕೊಯ್ಲಿನ ನಡುವೆ ಸೀತು ಬಂದಳು. ನಾಲ್ಕೋ ಐದೋ ವರ್ಷ. ಅವಳ ತಾಯಿ ದೂಮಣ್ಣ ಮೇಸ್ತ್ರಿಯ ಆಳುಗಳ ಜೊತೆ ಘಟ್ಟದ ಕೆಳಗಿನಿಂದ ಬಂದವಳು, ಗಂಡ ಎಲ್ಲಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ. ಲೈನಿನಲ್ಲಿ ಹೆರಿಗೆಯಾಗಿ ರಕ್ತ ನಿಲ್ಲದೆ ಸತ್ತಳು, ಕೂಸೂ ಉಳಿಯಲಿಲ್ಲ. ಆ ಹೆರಿಗೆ ಮಾಡಿಸಿದವಳು ನಾನು. ಬೇರೆ ಯಾರಾದರೂ ಇದ್ದಿದ್ದರೆ ಉಳಿಯುತ್ತಿದ್ದಳೇ ಎಂದು ಡಾಕ್ಟರನ್ನು ಕೇಳಿದೆ. ಅವರು “ಹೇಳಲಿಕ್ಕಾಗುವುದಿಲ್ಲ” ಎಂದರು. ಇಲ್ಲ ಎಂದಿದ್ದರೆ ಚೆನ್ನಾಗಿತ್ತು.

ಸೀತು ಒಂದು ತಿಂಗಳು ಮಾತಾಡಲಿಲ್ಲ. ತೊಟ್ಟಿಲ ಹಗ್ಗದ ನಡುವಿನ ಒಂದು ಜಾಗ ಹಿಡಿದುಕೊಂಡು ಕೂತಿರುತ್ತಿದ್ದಳು. ಹಗ್ಗ ಹೋದಾಗ ಅವಳೂ ಸ್ವಲ್ಪ ಹೋಗುವಳು, ಬಂದಾಗ ಬರುವಳು. ದೇವೀರಿ ಅವಳನ್ನು ಮುದ್ದುಮಾಡಲು ಹೋಗಲಿಲ್ಲ. ಬೇರೆ ಮಕ್ಕಳಿಗೆ ಮಾಡಿದ ಹಾಗೇ ಎದುರು ಕೂತು, ತನ್ನ ಕಷಾಯ ಕುಡಿದು, ನಕ್ಕು, ಚಮಚ ನೀಡುತ್ತಿದ್ದಳು. ಒಂದು ದಿನ ಅವಳು ಕುಡಿದು ನಗುವ ಮೊದಲೇ ಸೀತು ಬಾಯಿಬಿಟ್ಟಳು: “ಕಹಿ ಉಂಟು ಅಂತ ನಂಗೊತ್ತು. ನಗಬೇಡ.”

ದೇವೀರಿಗೆ ಅದು ಯಾವ ಕಿವಿಯಲ್ಲಿ ಕೇಳಿಸಿತೋ. ಚಮಚ ಕೆಳಗಿಟ್ಟಳು. ಗಂಡ ಮಕ್ಕಳು ಹೋದ ಮೇಲೆ ಅವಳು ಅತ್ತದ್ದನ್ನು ಯಾರೂ ನೋಡಿರಲಿಲ್ಲವಂತೆ, ಅಂದು ನಾವು ನೋಡಿದೆವು. ಸೀತು ತಾನೇ ಚಮಚ ಎತ್ತಿ ಕುಡಿದಳು. ಮರುದಿನದಿಂದ ದೇವೀರಿ ಎರಡು ಹೊತ್ತು ಊಟ ಮಾಡತೊಡಗಿದಳು. ಅಪ್ಪಿ ಹೇಳಿದ ಮೇಲೆ ನಾನು ಅದನ್ನು ಗಮನಿಸಿದ್ದು.

ಕೊಯ್ಲು ಮುಗಿಯುತ್ತ ಬಂತು. ಘಟ್ಟದ ಕೆಳಗಿನವರ ಗಾಡಿಗಳು ವರ್ಷಕ್ಕೆ ಒಂದೇ ಸಲ, ಒಟ್ಟಾಗಿ ಹೊರಡುತ್ತಿದ್ದವು. ಆಗ ಗಾಡಿ ತಪ್ಪಿದವರು ಮುಂದಿನ ಕೊಯ್ಲಿನವರೆಗೆ ಇಲ್ಲೇ. ಹಿಂದೊಂದು ವರ್ಷ ದಾರಿಯಲ್ಲೇ ಮಕ್ಕಳು ತೀರಿಕೊಂಡಿದ್ದರಿಂದ ನಮ್ಮ ತೋಟದಲ್ಲಿ ಒಂದು ನಿಯಮವಿತ್ತು: ಎರಡು ಬೆರಳಿಗಿಂತ ಹೆಚ್ಚು ಜ್ವರಗಡ್ಡೆ ಇರುವ ಮಗುವನ್ನು ಗಾಡಿ ಹತ್ತಿಸಕೂಡದು, ಇಲ್ಲೇ ಇಟ್ಟುಕೊಂಡು ಔಷಧಿ ಮುಗಿಸಬೇಕು. ಕಾರ್ಡಿಗೆ ಡಾಕ್ಟರ ಸಹಿ ಬೀಳಬೇಕು. ಸೀತುವಿನ ಕಾರ್ಡಿನಲ್ಲಿ ಹಿಂದಿನ ತಿಂಗಳು ನಾನೇ ಬರೆದದ್ದು ಒಂದು ಬೆರಳು.

ದೂಮಣ್ಣ ಮೇಸ್ತ್ರಿ ಶೆಡ್ಡಿನ ಬಾಗಿಲಿಗೆ ಬಂದ. ಐವತ್ತರ ಆಸುಪಾಸಿನ, ಸಣ್ಣಗೆ ಮಾತಾಡುವ ಮನುಷ್ಯ. ಸೀತುವಿನ ತಾಯಿಯ ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ.

“ಮಗು ನನ್ನ ಗಾಡಿಯಲ್ಲಿ ಬರ್ತದೆ ನರ್ಸಮ್ಮ” ಎಂದ. “ಅದರ ಅಜ್ಜಿ ಉಂಟು, ಬೆಳ್ತಂಗಡಿಯಿಂದ ಆಚೆ. ಮಗಳು ಸತ್ತ ಸುದ್ದಿ ಮುಟ್ಟಿದೆ. ಮೊಮ್ಮಗಳನ್ನಾದ್ರೂ ತಂದುಕೊಡು ಅಂತ ಹೇಳಿ ಕಳಿಸಿದ್ದಾಳೆ.”

“ಅಜ್ಜಿಯೂ ಇಲ್ಲ, ಗಿಜ್ಜಿಯೂ ಇಲ್ಲ” ಎಂದಳು ಅಪ್ಪಿ, ಕಾಲ ಹಗ್ಗ ನಿಲ್ಲಿಸದೆ. “ಹೋದ ವರ್ಷ ಇಂಥದ್ದೇ ಒಂದು ತಬ್ಬಲಿಯನ್ನು ಕರ್ಕೊಂಡು ಹೋಗಿ ಯಾರದ್ದೋ ಮನೆಯಲ್ಲಿ ಮುಸುರೆ ತಿಕ್ಕಲಿಕ್ಕೆ ಬಿಟ್ಟದ್ದು ಯಾರು?”

“ನೀನು ನೋಡಿದ್ಯಾ ಮಾರಾಯ್ತಿ?”

“ನೋಡ್ಲಿಲ್ಲ. ಈಗ ನಿನ್ನ ಮುಖ ನೋಡ್ತಾ ಇದ್ದೇನಲ್ಲ, ಸಾಕು.”

ದೂಮಣ್ಣ ನನ್ನತ್ತ ತಿರುಗಿದ. “ನಾಡಿದ್ದು ಡಾಕ್ಟ್ರು ಬರ್ತಾರಲ್ಲ, ಕಾರ್ಡಿಗೆ ಸಹಿ ಮಾಡಿಸಿ ಕೊಡಿ” ಎಂದು ನನಗೆ ಹೇಳಿ ಹೋದ. ಸುಳ್ಳು ಹೇಳುವವನು ಹೀಗೆ ಹೋಗುತ್ತಾನೋ, ನಿಜ ಹೇಳುವವನು ಹೀಗೆ ಹೋಗುತ್ತಾನೋ, ಅವನ ಬೆನ್ನು ನೋಡಿ ತಿಳಿಯಲಿಲ್ಲ. ಅಪ್ಪಿಯ ಗಂಡನಿಗೆ ಎರಡನೆಯವಳನ್ನು ಗೊತ್ತುಮಾಡಿಕೊಟ್ಟವನು ಇದೇ ದೂಮಣ್ಣ ಎಂಬುದೂ ನನಗೆ ಗೊತ್ತಿತ್ತು. ಅಪ್ಪಿಯ ಮಾತಿನಲ್ಲಿ ಯಾವುದು ಸೀತುವಿಗಾಗಿ, ಯಾವುದು ಆ ಹಳೆಯ ಸಿಟ್ಟಿಗಾಗಿ ಎಂದು ಬಿಡಿಸಲಾಗಲಿಲ್ಲ.

ಸಂಜೆ ಮಕ್ಕಳನ್ನೆಲ್ಲ ತಾಯಂದಿರು ಕರೆದೊಯ್ದ ಮೇಲೆ ದೇವೀರಿ ಡಿಸ್ಪೆನ್ಸರಿಗೆ ಬಂದು, ಕೇಳುವ ಕಿವಿಯನ್ನು ನನ್ನತ್ತ ಮಾಡಿ ನಿಂತಳು.

“ಅಜ್ಜಿ ಇದ್ರೆ ಕಳಿಸ್ಲೇಬೇಕಮ್ಮ. ನಂದೊಂದು ಮಗು ಎಲ್ಲಾದ್ರೂ ಉಳಿದಿದ್ರೆ ನಂಗೂ ಬೇಕಿತ್ತಲ್ಲ.” ಹೊರಡಲು ತಿರುಗಿದವಳು ಮತ್ತೆ ನಿಂತು, “ಇಲ್ದಿದ್ರೆ?” ಎಂದಳು.

ವಿಚಾರಿಸಲು ಆಳು ಕಳಿಸಿದರೆ ಹೋಗಿ ಬರಲು ವಾರ ಬೇಕು, ಗಾಡಿ ಹೊರಡಲು ಉಳಿದದ್ದು ಐದು ದಿನ. ಅವಳು ಇನ್ನೇನೂ ಕೇಳಲಿಲ್ಲ. ಕೇಳಿದ್ದರೆ ನಿಯಮ ಹೇಳಿ ಕಳಿಸಿಬಿಡುತ್ತಿದ್ದೆನೋ ಏನೋ.

ಡಾಕ್ಟರು ಬಂದ ದಿನ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿ ಕೂತರು. ಕಾರ್ಡುಗಳು ಅವರ ತೊಡೆಯ ಮೇಲೆ. ನಾನು ಒಂದೊಂದು ಮಗುವನ್ನು ಮಲಗಿಸಿ, ಅಳೆದು, ಅಂಕಿ ಹೇಳುವುದು. ಅವರು ಬರೆದು ಸಹಿ ಹಾಕುವುದು. ‘ನಿಮ್ಮ ಬೆರಳು ಹೇಳಿದ ಮೇಲೆ ನಾನು ನೋಡಬೇಕಾಗಿಲ್ಲ’ ಎಂದು ಅವರು ಹಿಂದೊಮ್ಮೆ ಹೇಳಿದ್ದರು. ಮಾತು ಸಣ್ಣದು. ಆದರೆ ಯಾರೂ ಮುಟ್ಟಿಸಿಕೊಳ್ಳದ ಕೈಗೆ ಅದು ದೊಡ್ಡ ಸಂಬಳ, ಅದನ್ನು ಕಳೆದುಕೊಳ್ಳಲು ನನಗೆ ಭಯವಿತ್ತು. ಹೊರಗೆ ಮೇಸ್ತ್ರಿಗಳು, ತಾಯಂದಿರು ಕಾಯುತ್ತಿದ್ದರು. ದೇವೀರಿ ಕೆಂಡದ ಮಡಕೆ ತಂದು ಎದುರಿಟ್ಟಿದ್ದಳು. ತಣ್ಣನೆಯ ಕೈ ಮುಟ್ಟಿದರೆ ಮಕ್ಕಳು ಹೊಟ್ಟೆ ಬಿಗಿಹಿಡಿಯುತ್ತವೆ ಎಂದು ಪ್ರತಿ ಸಲವೂ ನನ್ನ ಕೈ ಕಾಯಿಸುತ್ತಿದ್ದಳು. ಅಂದು ಜ್ವರಕ್ಕೆ ಕೈ ಮೊದಲೇ ಸುಡುತ್ತಿತ್ತು. ಆದರೂ ಕಾಯಿಸಿದೆ.

ಸೀತುವಿನ ಸರದಿ ಬಂತು. ಇಲ್ಲಿಂದ ನನ್ನ ಬಳಿ ಇರುವುದು ಎರಡು ನೆನಪು.

ಮೊದಲನೆಯದರಲ್ಲಿ ಸೀತು ಮಲಗಿದ್ದಾಳೆ, ದೇವೀರಿ ಅವಳ ತಲೆಯ ಹತ್ತಿರ ಕೂತಿದ್ದಾಳೆ. ನಾನು ಬೆರಳಿಟ್ಟ ಕೂಡಲೇ ದೇವೀರಿ ಬಗ್ಗಿ, “ಉಸಿರು ಎಳ್ಕೋ ಮಗ. ಹೂವಿನ ವಾಸ್ನೆ ಬರ್ತದೆ ನೋಡು” ಅನ್ನುತ್ತಾಳೆ. ಸೀತು ಎದೆತುಂಬ ಉಸಿರು ಎಳೆದುಕೊಳ್ಳುತ್ತಾಳೆ. ಎರಡನೆಯದರಲ್ಲೂ ಎಲ್ಲ ಅದೇ, ಆದರೆ ಆ ಮಾತು ಹೇಳುವವಳು ನಾನು. ಧ್ವನಿ ನನ್ನದೇ, ಜ್ವರದ ದಪ್ಪ ಧ್ವನಿ. ಹೂ ನಿಜವಾಗಿ ಬಿಟ್ಟಿತ್ತೋ, ಅಥವಾ ಈ ಒಂದು ಮಾತಿನಿಂದಲೇ ನನ್ನ ತಲೆಯಲ್ಲಿ ಇಡೀ ಗುಡ್ಡ ಹೂ ಬಿಟ್ಟಿತೋ ಹೇಳಲಾರೆ. ಎರಡರಲ್ಲೂ ಬದಲಾಗದೆ ಉಳಿಯುವುದು ಒಂದೇ: ಬೆರಳ ಕೆಳಗೆ ಗಡ್ಡೆಯ ಮೊಂಡು ಅಂಚು ಮೆಲ್ಲಗೆ ಜಾರಿ ಬಂದು ತಾಕಿದ್ದು. ಅವಳು ಉಸಿರು ಬಿಡುವವರೆಗೆ ನಾನು ಕಾಯಬೇಕಿತ್ತು. ಯಾವಾಗಲೂ ಕಾದಿದ್ದೆ. ಅಂದು ಕಾಯಲಿಲ್ಲ.

“ಮೂರು” ಎಂದೆ.

ಡಾಕ್ಟರು ಕಾರ್ಡು ನೋಡಿದರು. “ಹೋದ ತಿಂಗಳು ಒಂದು.”

“ಹೌದು ಸರ್.”

“ಈಗ ಮೂರು?”

“ಮೂರು.”

ಅವರು ಎದ್ದು ಬಂದರು. ಆವರೆಗೆ ಯಾವ ಮಗುವಿಗೂ ಎದ್ದಿರಲಿಲ್ಲ. ಬಗ್ಗಿ ಸೀತುವಿನ ಹೊಟ್ಟೆಯ ಮೇಲೆ ಅಂಗೈ ಇಟ್ಟರು. ತೊಟ್ಟಿಲುಗಳು ನಿಂತಿದ್ದವು, ಅಪ್ಪಿಯ ಪಾದ ಅಲುಗುತ್ತಿರಲಿಲ್ಲ. ಸೀತು ಇನ್ನೂ ಉಸಿರು ಹಿಡಿದುಕೊಂಡೇ ಇದ್ದಳೋ, ಬಿಟ್ಟಿದ್ದಳೋ ನಾನು ನೋಡಲಿಲ್ಲ. ನಾನು ಅವರ ಕೈಯನ್ನು ನೋಡುತ್ತಿದ್ದೆ. ಅವರು ನನ್ನ ಮುಖ ನೋಡಿದರು, ದೇವೀರಿಯ ಮುಖ ನೋಡಿದರು, “ಹ್ಞೂಂ” ಎಂದು ಹೋಗಿ ಕೂತು ಮೂರು ಎಂದು ಬರೆದು ಸಹಿ ಹಾಕಿದರು. ಅವರ ಅಂಗೈಗೆ ಏನು ಸಿಕ್ಕಿತೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಮುಂದಿನ ತಿಂಗಳು ಬಂದಾಗ ಪ್ರತಿ ಮಗುವನ್ನೂ ಅವರೇ ಮುಟ್ಟಿ ನೋಡಿದರು. 

ಕಾರ್ಡು ನೋಡಿ ದೂಮಣ್ಣ ಕೂಗಾಡುತ್ತಾನೆ ಎಂದುಕೊಂಡಿದ್ದೆ. ಅಪ್ಪಿ ಅದಕ್ಕೆ ತಯಾರಾಗಿ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು. ಅವನು ಕಾರ್ಡನ್ನು ತಿರುಗಿಸಿ ನೋಡಿ, ವಾಪಸು ಕೊಟ್ಟು, “ಹಾಗಾದ್ರೆ ಮುದುಕಿಗೆ ಎಂತ ಹೇಳೂದು ನಾನು?” ಎಂದ. ಜಗಳದ ಧ್ವನಿಯಲ್ಲ. ನಿಜವಾಗಿ ನನ್ನಿಂದ ಒಂದು ಉತ್ತರ ಬೇಕಾಗಿದ್ದವನ ಹಾಗೆ ಕೇಳಿದ. ಮುಂದಿನ ವರ್ಷ ಕರ್ಕೊಂಡು ಹೋಗು ಎಂದೆ. ತಲೆಯಾಡಿಸಿದ.

ಗಾಡಿಗಳು ಬೆಳಿಗ್ಗೆ ಹೊರಟವು. ಸೀತು ಶೆಡ್ಡಿನ ಬಾಗಿಲಲ್ಲಿ ದೇವೀರಿಯ ಸೀರೆ ಹಿಡಿದು ನೋಡುತ್ತಿದ್ದಳು. ಎತ್ತುಗಳ ಗಂಟೆ ತಿರುವಿನಲ್ಲಿ ಕೇಳಿ, ಮರೆಯಾಗಿ, ಕೆಳಗಿನ ತಿರುವಿನಲ್ಲಿ ಮತ್ತೆ ಕೇಳಿತು. ಆಮೇಲೆ ಮೂರು ಬೆರಳಿನ ಗಡ್ಡೆಗೆ ಕೊಡಬೇಕಾದಷ್ಟು ಕ್ವಿನೈನನ್ನು ಸೀತುವಿಗೆ ಕೊಡಲೇಬೇಕಾಯಿತು, ಕಾರ್ಡಿನಲ್ಲಿ ಹಾಗಿತ್ತು. ಬೇಕಾದದ್ದಕ್ಕಿಂತ ಹೆಚ್ಚು ಕಹಿ ಅವಳು ಕುಡಿದಿರಬೇಕು. ದೇವೀರಿ ಜೊತೆಗೆ ತನ್ನ ಕಷಾಯ ಕುಡಿದಳು, ನಗದೆ.

ಮುಂದಿನ ಕೊಯ್ಲಿಗೆ ದೂಮಣ್ಣ ಬರಲಿಲ್ಲ. ಅವನ ಬದಲು ಬೇರೊಬ್ಬ ಮೇಸ್ತ್ರಿ ಬಂದ. ದೂಮಣ್ಣ ಬೇರೆ ತೋಟಕ್ಕೆ ಹೋದ ಎಂದು ಒಬ್ಬರು, ತೀರಿಹೋದ ಎಂದು ಇನ್ನೊಬ್ಬರು ಹೇಳಿದರು. ಸೀತುವನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಶೆಡ್ಡಿನಲ್ಲಿ ತೊಟ್ಟಿಲು ಹೆಚ್ಚಾದವು. ದೇವೀರಿ ಕಾರ್ಡಿನ ಅಂಕಿಗಳನ್ನು ಓದಲು ಕಲಿತಳು. ಸಂಸೆ ಕಡೆಯ ತೋಟವೊಂದರಿಂದ ಇಬ್ಬರು ಹೆಂಗಸರು ಬಂದು ವಾರವಿದ್ದು ಮಕ್ಕಳಿಗೆ ಔಷಧಿ ಕುಡಿಸುವುದನ್ನು ಅವಳಿಂದ, ಹಗ್ಗ ಕಟ್ಟುವುದನ್ನು ಅಪ್ಪಿಯಿಂದ ಕಲಿತು ಹೋದರು. ಅಪ್ಪಿಯ ಗಂಡ ತನ್ನ ಎರಡನೆಯವಳ ಕೂಸನ್ನು ಶೆಡ್ಡಿಗೆ ತಂದುಬಿಟ್ಟ ದಿನ ಅವಳು, “ಮೂಗು ಅಪ್ಪನದ್ದೇ, ಪಾಪ, ಅದರ ತಪ್ಪಲ್ಲ” ಎನ್ನುತ್ತ ತನ್ನ ಕಾಲಿಗೆ ಹತ್ತಿರದ ತೊಟ್ಟಿಲನ್ನೇ ಕೊಟ್ಟಳು. ಸೀತು ದೇವೀರಿಯನ್ನು ಅವ್ವ ಎಂದು ಕರೆಯತೊಡಗಿದ್ದು ಯಾವಾಗ ಎಂದು ನಮ್ಮಲ್ಲಿ ಯಾರಿಗೂ ನೆನಪಿಲ್ಲ.

ಯುದ್ಧದ ವರ್ಷಗಳಲ್ಲಿ ನನಗೆ ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿಗೆ ಒಮ್ಮೆ ದೇವೀರಿ ಮತ್ತು ಸೀತು ಬಂದಿದ್ದರು, ಸೀತುವಿಗೆ ಆಗ ಹನ್ನೆರಡು ಹದಿಮೂರು. ಅಂದು ಹೂ ಬಿಟ್ಟಿತ್ತೇ ಎಂದು ಅವಳನ್ನು ಕೇಳಿದೆ. ಹೂವಿನದ್ದು ಏನೂ ನೆನಪಿಲ್ಲ, ನಿಮ್ಮ ಕೈ ಸುಡುತ್ತಿತ್ತು, ಅಷ್ಟೇ ಎಂದಳು. ಉಸಿರು ಎಳೆದುಕೋ ಎಂದವರು ಯಾರು ಎಂದು ಕೇಳಬೇಕೆನ್ನಿಸಿತು. ದೇವೀರಿ ಕೇಳದ ಕಿವಿಯನ್ನು ನನ್ನತ್ತ ಮಾಡಿ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಅಜ್ಜಿಯ ವಿಷಯವನ್ನು ದೇವೀರಿ, ಅಪ್ಪಿ ಇಬ್ಬರಲ್ಲಿ ಒಬ್ಬರಾದರೂ ಸೀತುವಿಗೆ ಹೇಳಿದ್ದರೋ ಇಲ್ಲವೋ ಅವಳ ಮಾತಿನಿಂದ ತಿಳಿಯಲಿಲ್ಲ. ನಾನು ಹೇಳಲಿಲ್ಲ.

ಕೆಲಸ ನನಗೆ ಕಲಿಸಿದ್ದು ಸಣ್ಣ ವಿಷಯ. ಅಂದಿನಿಂದ ನಿವೃತ್ತಿಯವರೆಗೆ ಯಾವ ಮಗುವಿನ ಗುಲ್ಮ ಅಳೆದರೂ ಅಂಕಿಯ ಪಕ್ಕದಲ್ಲಿ ‘ಉಸಿರು ಬಿಟ್ಟಾಗ’ ಎಂದೋ ‘ಎಳೆದುಕೊಂಡಾಗ’ ಎಂದೋ ತಪ್ಪದೆ ಬರೆದಿದ್ದೇನೆ. ನನ್ನ ಕೈಕೆಳಗೆ ಕಲಿತ ಹುಡುಗಿಯರಿಗೂ ಹಾಗೇ ಬರೆಯಲು ಹೇಳಿದೆ. ಅಂಕಿ ಸುಳ್ಳಾಗದೆಯೂ ನಮಗೆ ಬೇಕಾದ ಕಡೆಗೆ ವಾಲಬಲ್ಲದು. ಹೇಗೆ ಅಳೆದೆವು ಎಂದು ಬರೆದರೆ ಮುಂದೆ ನೋಡುವವರಿಗೆ ಅದಾದರೂ ಗೊತ್ತಾಗುತ್ತದೆ. ಸೀತುವಿನ ಕಾರ್ಡಿನಲ್ಲಿ ಮಾತ್ರ ಬರೀ ಮೂರು ಎಂದಿದೆ.

ಅಜ್ಜಿ ಇದ್ದಳೇ? ನನಗೆ ಗೊತ್ತಿಲ್ಲ. ಗಾಡಿಗಳು ಬರುವ ದಿನ ಘಟ್ಟದ ಬುಡಕ್ಕೆ ಬಂದು, ಇಳಿಯುವವರನ್ನೆಲ್ಲ ಒಬ್ಬೊಬ್ಬರಾಗಿ ನೋಡುತ್ತ ನಿಂತಿದ್ದಳೇ, ದೂಮಣ್ಣ ಅವಳಿಗೆ ಏನು ಹೇಳಿದ, ಗೊತ್ತಿಲ್ಲ. ಆಮೇಲೆ ಮೂಡಿಗೆರೆಯಿಂದ ಘಟ್ಟ ಇಳಿದು ಬೆಳ್ತಂಗಡಿಗೆ ಹೋಗುವ ಬಸ್ಸುಗಳು ಬಂದವು. ಬೆಳಿಗ್ಗೆ ಹೊರಟರೆ ಹೋಗಿ ವಿಚಾರಿಸಿ ಸಂಜೆಗೆ ತಿರುಗಿ ಬರಬಹುದಿತ್ತು. ನಾನು ಹೋಗಲಿಲ್ಲ.